ಏಳೂವರೆ ಸುತ್ತು

ಹೊಳೆನರಸೀಪುರದಲ್ಲಿ ಒಂದು ಸರ್ಕಾರಿ ಕಚೇರಿ. ಯಾವ ಇಲಾಖೆ ಅಂತ ಕೇಳಬಾರದು. ಅಲ್ಲಿ ಕೂತವರು ಇನ್ನೂ ಅಲ್ಲೇ ಕೂತಿದ್ದಾರೆ, ನಾಳೆ ನಮ್ಮದೇ ಒಂದು ಕಾಗದ ಅವರ ಮೇಜಿಗೆ ಹೋಗಬೇಕಾದೀತು. ಆ ಕಚೇರಿಯಲ್ಲಿ ಒಂದು ಕಾಲಕ್ಕೆ ಇಬ್ಬರು ಪ್ರೇಮಕುಮಾರಿಯರಿದ್ದರು. ಒಬ್ಬಳು ಪರೀಕ್ಷೆ ಬರೆದು ಬಂದವಳು. ಇನ್ನೊಬ್ಬಳು ಅಲ್ಲೇ ಕೆಲಸದಲ್ಲಿದ್ದ ಗಂಡ ಸತ್ತ ಮೇಲೆ ಅನುಕಂಪದ ಆಧಾರದಲ್ಲಿ ಬಂದವಳು. ಫೋನು ಬಂದಾಗ ಯಾರಿಗೆ ಅಂತ ಗೊಂದಲವಾಗಬಾರದಲ್ಲ, ಅದಕ್ಕೆ ಒಬ್ಬಳಿಗೆ ಪರೀಕ್ಷೆ ಪ್ರೇಮಕುಮಾರಿ ಅಂತಲೂ ಇನ್ನೊಬ್ಬಳಿಗೆ ಅನುಕಂಪದ ಪ್ರೇಮಕುಮಾರಿ ಅಂತಲೂ ಹೆಸರಿಟ್ಟರು. ಪರೀಕ್ಷೆಯವಳು ಅರಕಲಗೂಡಿಗೆ ವರ್ಗವಾಗಿ ಹೋಗಿ ಎಂಟು ವರ್ಷವಾಯಿತು. ಈಗ ಗೊಂದಲವೇ ಇಲ್ಲ. ಆದರೂ ಅನುಕಂಪ ಮಾತ್ರ ಉಳಿದವಳ ಹೆಸರಿಗೆ ಅಂಟಿಕೊಂಡೇ ಇತ್ತು.

ಉಳಿದವಳಿಗೆ ನಲವತ್ತೇಳು ವರ್ಷ. ಟಪಾಲು ವಿಭಾಗದಲ್ಲಿ ಕೆಲಸ. ಬಂದ ಕಾಗದಕ್ಕೆ ಸೀಲು ಒತ್ತಿ, ನಂಬರು ಹಾಕಿ, ಯಾರ ಮೇಜಿಗೆ ಹೋಗಬೇಕೋ ಅವರಿಗೆ ಮುಟ್ಟಿಸುವುದು. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಒಂದು ಕಾಗದ ಕಳೆದುಹೋದದ್ದಿಲ್ಲ. ಅದಕ್ಕೆ ಸಿಕ್ಕ ಬೆಲೆ ಏನು? ಕೆಲಸ ಚೆನ್ನಾಗಿ ಮಾಡಿದರೆ ಪಾಪ, ಚೆನ್ನಾಗಿ ಮಾಡುತ್ತಾರೆ ಅನ್ನುವರು. ರಜೆ ಕೇಳಿದರೆ ಪಾಪ, ಕೊಟ್ಟುಬಿಡಿ ಅನ್ನುವರು. ಹೊಸ ಸೀರೆ ಉಟ್ಟರೂ ಪಾಪ, ಹಳೇ ಸೀರೆ ಉಟ್ಟರೂ ಪಾಪ. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಬೈದವರಿಗೆ ತಿರುಗಿ ಬೈಯಲೂಬಹುದು. ಪಾಪ ಅಂದವರಿಗೆ ಏನಂತ ಅನ್ನುವುದು?

ಹೀಗಿರುವಾಗ ಆಗಸ್ಟಿನಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟದ ಸುತ್ತೋಲೆ ಬಂತು. ಕೂಟ ನವೆಂಬರಿನಲ್ಲಿ, ಹಾಸನದಲ್ಲಿ. ಈ ಕೂಟದ ಮೇಲೆ ನೌಕರರಿಗೆ ಯಾಕಷ್ಟು ಪ್ರೀತಿ ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಭಾಗವಹಿಸಿದವರಿಗೆ ಆ ದಿನ ಓಓಡಿ ಸಿಗುತ್ತದೆ. ಕಚೇರಿಗೆ ಬರದಿದ್ದರೂ ಬೇರೆ ಕರ್ತವ್ಯದ ಮೇಲೆ ಹೋಗಿದ್ದಾರೆ ಅಂತ ಹಾಜರಿ ಪುಸ್ತಕದಲ್ಲಿ ಬರೆಯುವ ಮೂರು ಅಕ್ಷರ ಅದು. ಒಂದು ದಿನದ ರಜೆ ಉಳಿಯಿತಲ್ಲ! ಹಾಗಾಗಿ ಹೆಸರು ಕೊಡುವವರು ಜಾಸ್ತಿ, ಬೆವರುವವರು ಕಡಿಮೆ. ಹೆಂಗಸರಂತೂ ಸಮೂಹ ಗಾಯನಕ್ಕೆ ಹೆಸರು ಕೊಟ್ಟು, ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಆಡಿಸಿ, ಮಧ್ಯಾಹ್ನಕ್ಕೆಲ್ಲ ಸೀರೆ ಅಂಗಡಿ ಸೇರಿಕೊಳ್ಳುವರು.

ಪ್ರೇಮಕುಮಾರಿಗೆ ಸೀರೆಯ ಯೋಚನೆ ಇರಲಿಲ್ಲ. ಮಗಳು ಯಶಸ್ವಿನಿ ಹಾಸನದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳಿಗೆ ಒಂದು ಡಬ್ಬ ಚಟ್ನಿಪುಡಿ, ಒಂದಿಷ್ಟು ನಿಪ್ಪಟ್ಟು ಕೊಟ್ಟು, ಮುಖ ನೋಡಿಕೊಂಡು ಬರಬಹುದು ಅಂತ ಆಸೆ. ಪಟ್ಟಿ ಮಾಡುತ್ತಿದ್ದವನು ರಜನೀಶ್, ಕಚೇರಿಗೆ ಹೊಸಬ, ಒಂದು ಕಿವಿ ಯಾವಾಗಲೂ ಫೋನಿನಲ್ಲೇ ಇರುವ ಜಾತಿ. ಅವನು ಬಾಗಿಲಲ್ಲಿ ನಿಂತು ನಿಮ್ಮದೇನು ಮೇಡಂ ಅಂತ ಕೇಳಿದ. ಇವಳು ಸೀಲು ಒತ್ತುತ್ತಲೇ, ತಲೆ ಎತ್ತದೆ ಹೇಳಿದಳು.

“ನಂಗೂ ಓಓಡಿ ಹಾಕಪ್ಪ.”

ಅವನ ಖಾಲಿ ಇದ್ದ ಕಿವಿಗೆ ಬಿದ್ದದ್ದು ‘ಓಡಿ’ ಅಂತ. ಮೇಡಂ ಓಡುತ್ತಾರಂತೆ ಅಂದುಕೊಂಡು ‘ಓಟ’ ಅಂತ ಬರೆದುಕೊಂಡ. ಯಾವ ಓಟ ಅಂತ ಇನ್ನೊಂದು ಸಲ ಕೇಳುವಷ್ಟು ಪುರುಸೊತ್ತು ಮಹಾರಾಯನಿಗೆ ಎಲ್ಲಿಂದ ಬರಬೇಕು? ನಲವತ್ತೈದು ದಾಟಿದ ಮಹಿಳೆಯರ ಪುಟದಲ್ಲಿ ಎಲ್ಲಿ ಜಾಗ ಖಾಲಿ ಇದೆ ಅಂತ ನೋಡಿದ. ಮೂರು ಸಾವಿರ ಮೀಟರಿನ ಎದುರು ಒಂದು ಹೆಸರೂ ಇರಲಿಲ್ಲ. ಅಲ್ಲಿ ತುಂಬಿಸಿ ಹಾಸನಕ್ಕೆ ಕಳಿಸಿಬಿಟ್ಟ.

ಹತ್ತು ದಿನಕ್ಕೆ ಅಚ್ಚಾದ ಪಟ್ಟಿ ವಾಪಸ್ಸು ಬಂದು ನೋಟೀಸು ಬೋರ್ಡು ಏರಿತು. ಮೂರು ಸಾವಿರ ಮೀಟರ್ ಅಂದರೆ ಮೈದಾನಕ್ಕೆ ಏಳೂವರೆ ಸುತ್ತು ಅಂತ ಯಾರೋ ಲೆಕ್ಕ ಹಾಕಿದರು. ಏಳೂವರೆ ಅಂದರೆ ಶನಿಕಾಟವೇ ಸರಿ ಅಂತ ಇನ್ಯಾರೋ ನಕ್ಕರು. ರಜನೀಶನಿಗೆ ತಪ್ಪು ಗೊತ್ತಾಗಿ ಮುಖ ಸಣ್ಣದಾಯಿತು. ಹೆಸರು ತೆಗೆಸಿಬಿಡೋಣ ಅಂತ ಮ್ಯಾನೇಜರ್ ಸಿದ್ದೇಶ್ವರನ ಹತ್ತಿರ ಹೋದ. ಸಿದ್ದೇಶ್ವರ ಕೆಟ್ಟವನೇನಲ್ಲ, ನಾಲಿಗೆಗೆ ಲಗಾಮಿಲ್ಲ ಅಷ್ಟೆ. ಬೀರುವಿನ ಆಚೆ ಕಡೆ ಪ್ರೇಮಕುಮಾರಿ ಫೈಲು ಹುಡುಕುತ್ತಿರುವುದು ಅವನಿಗೆ ಕಾಣಲಿಲ್ಲ.

“ತೆಗ್ಸೋದೇನೂ ಬ್ಯಾಡ ಕಣಪ್ಪ,” ಅಂದ ಸಿದ್ದೇಶ್ವರ. “ಪಾಪ, ಒಂದ್ಸುತ್ತು ನಡುದ್ರೆ ಸಟಿಫಿಕೇಟ್ ಕೊಟ್ಟೇ ಕೊಡ್ತಾರೆ. ಕೆಲ್ಸವೇ ಅನುಕಂಪದಾಗೆ ಬಂತು, ಓಟ ಬರಲ್ವಾ?”

ಪ್ರೇಮಕುಮಾರಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ಹನ್ನೊಂದು ವರ್ಷದಲ್ಲಿ ಅಂಥ ಸಿಟ್ಟು ಅವಳಿಗೆ ಬಂದಿರಲಿಲ್ಲ. ಫೈಲು ತಂದು ಸಿದ್ದೇಶ್ವರನ ಮೇಜಿನ ಮೇಲೆ ಮೆತ್ತಗೆ ಇಟ್ಟಳು. ಅವನ ಮುಖ ಪೆಚ್ಚಾಯಿತು. ಅವಳು ರಜನೀಶನ ಕಡೆ ತಿರುಗಿ ಹೆಸರು ಇರಲಿ ಅಂದಳು, ಅಷ್ಟೇ ಮಾತು.

ಸಂಜೆ ಮನೆಯಲ್ಲಿ ಅತ್ತೆ ಬಸವಲಿಂಗಮ್ಮನಿಗೆ ವಿಷಯ ಹೇಳಿದಳು. ಎಪ್ಪತ್ನಾಲ್ಕರ ಮುದುಕಿ, ಹಣೆತುಂಬ ವಿಭೂತಿ, ಮಾತು ಕಡಿಮೆ. ಗಂಡ ಹೋದ ಮೇಲೆ ಈ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಂಡಷ್ಟು ಹತ್ತಿರವಾಗಿದ್ದರು. ಆದರೂ ಮೊದಲು ಅತ್ತೆ ಬೇಡವೆಂದೇ ಅಂದಳು. ಬೆಳೆದ ಮಗಳಿರುವ ಹೆಂಗಸು ಹತ್ತು ಜನರ ಮುಂದೆ ಓಡಿ ಕೈಕಾಲು ಮುರಿದುಕೊಂಡರೆ ಯಾರು ನೋಡುವವರು, ಹೆಸರು ಹೊಡೆಸಿಹಾಕು ಅಂದಳು. ಆಮೇಲೆ ಪ್ರೇಮಕುಮಾರಿ ಸಿದ್ದೇಶ್ವರ ಅಂದದ್ದನ್ನು ಅಂದ ಹಾಗೇ ಹೇಳಿದಳು. ಮುದುಕಿ ಬಿಡಿಸುತ್ತಿದ್ದ ಅಲಸಂದೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು.

“ನನ್ ಮಗ ಸತ್ತದ್ದು ನಿಂಗೇನೋ ಲಾಟ್ರಿ ಒಡೆದಂಗೆ ಆಡ್ತಾರಲ್ಲವ್ವ,” ಅಂದಳು. “ಓಡು. ಬಿದ್ರೆ ಬೀಳು, ಎದ್ದು ಓಡು. ಆದ್ರೆ ಒಂದೆಜ್ಜೆನೂ ನಡೀಬ್ಯಾಡ.”

ಅಲ್ಲಿಗೆ ತೀರ್ಮಾನವಾಯಿತು. ಗೆಲ್ಲುವ ಭ್ರಮೆ ಪ್ರೇಮಕುಮಾರಿಗೆ ಇರಲಿಲ್ಲ, ಅಷ್ಟು ಬುದ್ಧಿ ಕೆಟ್ಟಿರಲಿಲ್ಲ. ಏಳೂವರೆ ಸುತ್ತೂ ಓಡಬೇಕು, ನಡೆಯಬಾರದು, ಯಾರ ದಯೆಯೂ ಇಲ್ಲದೆ ಮುಗಿಸಬೇಕು. ತನ್ನದು ಅಂತ ಒಂದಾದರೂ ಇರಲಿ ಅನ್ನುವುದಷ್ಟೇ ಅವಳ ಹಟ.

ಹಟವೇನೋ ಬಂತು, ಓಟ ಬರಬೇಕಲ್ಲ. ಹೈಸ್ಕೂಲು ಬಿಟ್ಟ ಮೇಲೆ ಅವಳು ಓಡಿದ್ದು ಬಸ್ಸಿಗೆ ಮಾತ್ರ. ಪೇಟೆಯಲ್ಲಿ ಬೂಟು ಕೇಳಿದರೆ ಅಂಗಡಿಯವನು ಯಾವ ಕ್ಲಾಸಿನ ಮಗುವಿಗೆ ಅಂದ. ಮಗಳ ಹಳೇ ಚೂಡಿದಾರ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಬಿಗಿದು, ಬೆಳಗಿನ ಐದೂವರೆಗೆ ಊರಾಚೆ ಚಾನಲ್ ಏರಿಗೆ ಹೋದಳು. ಚಾನಲ್ಲಿನಲ್ಲಿ ನೀರು ತುಂಬಿ ಹರಿಯುತ್ತಿತ್ತು, ಎರಡೂ ಕಡೆ ನಾಟಿ ಮುಗಿದ ಗದ್ದೆ. ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿದಂತೆ ಓಡಿದಳು. ಅರವತ್ತು ಹೆಜ್ಜೆ. ಅಷ್ಟಕ್ಕೇ ಪಕ್ಕೆ ಹಿಡಿದುಕೊಂಡಿತು, ಎದೆ ಬಾಯಿಗೆ ಬಂತು, ಮಂಡಿ ಬೇರೆ ಯಾರದೋ ಆಯಿತು. ಏರಿ ಮೇಲೇ ಕುಸಿದು ಕೂತಳು. ಹಾಲಿನ ಕ್ಯಾನು ಹೇರಿಕೊಂಡು ಬರುತ್ತಿದ್ದ ಒಬ್ಬಾತ ಗಾಡಿ ನಿಲ್ಲಿಸಿ, ಯಾರು ತೀರಿಕೊಂಡರಕ್ಕ ಅಂತ ವಿಚಾರಿಸಿದ. ಮಾರನೆಯ ದಿನ ಇನ್ನೊಬ್ಬಾತ ಬಸ್ಸು ತಪ್ಪಿತೇನೋ ಅಂತ ತಿಳಿದು ಮೊಪೆಡ್ಡಿಗೆ ಹತ್ತಿಸಿಕೊಳ್ಳಲು ನಿಂತ. ಹೆಂಗಸು ಸುಮ್ಮನೆ ಓಡುತ್ತಾಳೆ ಅನ್ನುವುದು ಆ ಕಡೆ ಯಾರ ಬುದ್ಧಿಗೂ ಹೊಳೆಯುವ ಮಾತಲ್ಲ.

ಹೀಗೆ ಒಂದು ವಾರ. ಅರವತ್ತು ಹೆಜ್ಜೆ ಎಪ್ಪತ್ತಾಗಲಿಲ್ಲ. ಎಂಟನೇ ದಿನ ಅವಳು ಕೂತು ಅತ್ತೇಬಿಟ್ಟಳು. ಅಳುವುದನ್ನು ನೋಡಿದವನು ದ್ಯಾವಯ್ಯ. ಆ ಕಡೆಯ ನೀರುಗಂಟಿ, ಚಾನಲ್ಲಿನಿಂದ ಗದ್ದೆಗಳಿಗೆ ನೀರು ಬಿಡುವ ತೂಬುಗಳನ್ನು ಸರದಿ ಪ್ರಕಾರ ತೆಗೆದು ಮುಚ್ಚುವವನು. ಮೂವತ್ತು ವರ್ಷದಿಂದ ಹೆಗಲ ಮೇಲೆ ಗುದ್ದಲಿ ಹೊತ್ತು ಅದೇ ಏರಿ ಮೇಲೆ ನಡೆದವನು. ವಾರದಿಂದ ಅವಳನ್ನು ನೋಡುತ್ತಲೇ ಇದ್ದನಂತೆ. ಅವಳು ವಿಷಯ ಹೇಳಿದಳು. ಅವನು ಓಓಡಿ, ಅನುಕಂಪ ಯಾವುದನ್ನೂ ಕೇಳಲಿಲ್ಲ. ಎಷ್ಟು ದೂರ ಅಂತ ಕೇಳಿದ, ಅಷ್ಟೆ.

“ನೀವು ಬಸ್ಸು ಇಡಿಯಾಕೆ ಓಡ್ತಿದ್ದೀರಿ ಕಣ್ ಮೇಡಮ್ಮಾರೆ,” ಅಂದ. “ಇಲ್ಲಿ ಬಸ್ಸೆಲ್ಲೈತೆ? ಎಮ್ಮೆ ಮನೆಗೆ ಓಯ್ತದಲ್ಲ, ಅಂಗೆ ಓಗಿ. ಬಾಯಲ್ಲಿ ಏನಾರ ಏಳ್ಕೊಳಿ. ಮಾತು ಕಟ್ಟೋಯ್ತಾ, ಜೋರಾಯ್ತು ಅಂತ ತಿಳ್ಕೊಳಿ.”

ಏನು ಹೇಳಿಕೊಳ್ಳುವುದು? ಅವಳಿಗೆ ತಟ್ಟನೆ ನೆನಪಾದದ್ದು ಮಗ್ಗಿ. ಎರಡರ ಮಗ್ಗಿಯಿಂದ ಶುರುಮಾಡಿದಳು. ಎಷ್ಟು ನಿಧಾನ ಓಡಿದಳೆಂದರೆ ಗುದ್ದಲಿ ಹೊತ್ತ ದ್ಯಾವಯ್ಯ ಪಕ್ಕದಲ್ಲಿ ನಡೆದುಕೊಂಡೇ ಬಂದ. ನಾಚಿಕೆಯಾಯಿತು. ಆದರೆ ಐದರ ಮಗ್ಗಿ ಮುಗಿಯುವ ಹೊತ್ತಿಗೆ ಮೊದಲ ತೂಬಿನಿಂದ ಎರಡನೇ ತೂಬು ಬಂದುಬಿಟ್ಟಿತ್ತು! ಹೆಚ್ಚುಕಮ್ಮಿ ಇನ್ನೂರು ಮೀಟರು. ಅವಳು ತಿರುಗಿ ನೋಡಿದಳು, ಇಷ್ಟು ದೂರ ತಾನೇ ಬಂದೆನೇ ಅಂತ ಇನ್ನೊಂದು ಸಲ ನೋಡಿದಳು. ದ್ಯಾವಯ್ಯ ಹದಿನೈದು ತೂಬು ದಾಟಿದರೆ ನಿಮ್ಮ ಮೂರು ಸಾವಿರ ಆಯಿತು ಅಂತ ಹೇಳಿ, ತನ್ನ ಪಾಡಿಗೆ ನೀರು ನೋಡಲು ಹೋದ.

ಆಮೇಲೆ ಲೆಕ್ಕವೆಲ್ಲ ತೂಬಿನಲ್ಲೇ. ಒಂದು ತೂಬು ಓಡು, ಒಂದು ತೂಬು ನಡೆ. ಎರಡು ಓಡು, ಒಂದು ನಡೆ. ಸೆಪ್ಟೆಂಬರಿನಲ್ಲಿ ನಾಲ್ಕು ತೂಬಾಯಿತು. ಮೊಣಕಾಲ ಕೆಳಗೆ ಎಲುಬು ನೋಯಲು ಶುರುವಾಗಿ ಒಂದು ವಾರ ಎಲ್ಲ ನಿಂತುಹೋಯಿತು. ಬಸವಲಿಂಗಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು, ಬೇಡ ಅಂದರೂ ಬಿಡಲಿಲ್ಲ. ಮತ್ತೆ ಎರಡು ತೂಬಿನಿಂದ ಶುರು. ಕಚೇರಿಯಲ್ಲಿ ಸಿದ್ದೇಶ್ವರ ಒಂದು ದಿನ ಮುಜುಗರದಿಂದಲೇ, ಅದೆಲ್ಲ ಯಾಕೆ ಮೇಡಂ, ತಮಾಷೆಗೆ ಅಂದದ್ದು ಅಂದ. ಅವಳು ನಕ್ಕು ಅವನ ಮುಂದೆ ಆ ದಿನದ ಟಪಾಲು ಇಟ್ಟಳು. ಅವಳಿಗೆ ಅಷ್ಟರಲ್ಲಿ ಒಂದು ವಿಚಿತ್ರ ಅನುಭವಕ್ಕೆ ಬರುತ್ತಿತ್ತು. ಬೆಳಿಗ್ಗೆ ಏರಿ ಮೇಲೆ ಆರನೇ ತೂಬು, ಏಳನೇ ತೂಬು ದಾಟುವಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯಾಗಿದ್ದವಳೂ ಅಲ್ಲ, ಕಚೇರಿಯವಳೂ ಅಲ್ಲ. ಸುಮ್ಮನೆ ಓಡುವವಳು. ಅದು ಅವಳಿಗೆ ಹಿಡಿಸಿತು. ಬಹಳ ಹಿಡಿಸಿತು. ಸಿಟ್ಟಿಗೆ ಶುರುಮಾಡಿದ್ದು ಸುಖವಾಗುತ್ತಿದೆಯಲ್ಲ ಅಂತ ಅವಳಿಗೇ ಆಶ್ಚರ್ಯವಾಯಿತು.

ನವೆಂಬರ್ ಬಂದಾಗ ಹನ್ನೆರಡು ತೂಬು ಓಡುತ್ತಿದ್ದಳು, ಬಾಯಲ್ಲಿ ಹದಿನಾರರ ಮಗ್ಗಿ. ಹನ್ನೆರಡರ ಆಚೆ ಮಾತ್ರ ಹೋಗಲಾಗಲಿಲ್ಲ. ಅಲ್ಲಿಗೆ ಕಾಲು ಕಲ್ಲಾಗುತ್ತಿತ್ತು. ಹನ್ನೆರಡು ತೂಬು ಅಂದರೆ ಮೈದಾನದ ಆರು ಸುತ್ತು. ಇನ್ನೊಂದೂವರೆ ಸುತ್ತು ಹೇಗಿರುತ್ತದೋ ಅವಳು ಕಂಡಿರಲೇ ಇಲ್ಲ. ಕೂಟದ ಹಿಂದಿನ ದಿನ ದ್ಯಾವಯ್ಯನಿಗೆ ಅದನ್ನೇ ಹೇಳಿಕೊಂಡಳು. ಅವನು ಯೋಚಿಸಿ, ಕಾಲು ಆಗಲ್ಲ ಅಂದರೆ ಕಾಲಿನ ಹತ್ತಿರ ಮಾತಾಡಬೇಡಿ, ಮಗ್ಗಿ ಹೇಳಿಕೊಂಡು ಹೋಗುತ್ತಿರಿ ಅಂದ.

ಕ್ಲಾಸಿಗೆ ಹೊರಟಿದ್ದ ಯಶಸ್ವಿನಿಗೆ ಹಾಸ್ಟೆಲಿನಲ್ಲೇ ಡಬ್ಬ ಕೊಟ್ಟು ಬಂದಾಗ ಹಾಸನದ ಮೈದಾನದಲ್ಲಿ ಜಾತ್ರೆಯಷ್ಟು ಜನ. ನಾಲ್ಕೂ ದಿಕ್ಕಿನಿಂದ ನೌಕರರು, ಕೈಯಲ್ಲಿ ಊಟದ ಕೂಪನ್ನು. ನಲವತ್ತೈದು ದಾಟಿದವರ ಮೂರು ಸಾವಿರ ಮೀಟರಿಗೆ, ಅರ್ಧ ಸುತ್ತಿನ ಲೆಕ್ಕ ಸರಿಹೋಗಲಿ ಅಂತ ಮುಗಿಯುವ ಗೆರೆಯ ಎದುರು ಬದಿಯಲ್ಲಿ, ಏಳು ಜನ ನಿಂತರು. ಚನ್ನರಾಯಪಟ್ಟಣದಿಂದ ಬಂದಿದ್ದ ಒಬ್ಬ ನರ್ಸು ಸೊಪ್ಪಿನ ಕಡ್ಡಿಯಷ್ಟು ಸಣ್ಣಗಿದ್ದಳು. ಉಳಿದವರೂ ಅಷ್ಟೋ ಇಷ್ಟೋ ಓಡಿ ಗೊತ್ತಿದ್ದವರೇ. ಸುತ್ತು ಎಣಿಸಲು, ಸಮಯ ಬರೆದುಕೊಳ್ಳಲು ಹಿರೀಸಾವೆ ಕಡೆಯ ವ್ಯಾಯಾಮ ಶಿಕ್ಷಕ ಕೀರ್ತಿರಾಜ್ ನಿಂತಿದ್ದ, ಕೊರಳಲ್ಲಿ ಪೀಪಿ, ಕೈಯಲ್ಲಿ ಪ್ಯಾಡು.

ಪೀಪಿ ಊದಿದ. ಆರು ಜನ ಹೋಗಿಯೇ ಬಿಟ್ಟರು. ಜನ ಕೂಗುತ್ತಿರುವಾಗ ಕಾಲಿಗೆ ತಾನೇ ಆತುರ ಬರುತ್ತದೆ. ಪ್ರೇಮಕುಮಾರಿಗೂ ಬಂತು. ಬಸ್ಸು ಎಲ್ಲಿದೆ ಇಲ್ಲಿ ಅಂತ ತನ್ನನ್ನೇ ಗದರಿಸಿಕೊಂಡು ಎರಡರ ಮಗ್ಗಿ ಹಿಡಿದಳು. ಮೊದಲ ಸುತ್ತು ಮುಗಿಯುವುದರೊಳಗೆ ಎಲ್ಲರಿಗಿಂತ ಹಿಂದೆ ಬಿದ್ದಳು. ಮೂರನೆಯದರಲ್ಲಿ ನರ್ಸು ಅವಳನ್ನು ದಾಟಿಕೊಂಡು ಹೋದಳು. ಅದೇ ಹೊತ್ತಿಗೆ ಮುಂದೆ ಹಾರಿದ್ದ ಒಬ್ಬಾಕೆ ಪಕ್ಕೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಳು. ಆಮೇಲೆ ಇನ್ನೊಬ್ಬಾಕೆ ಆಗಲ್ಲಪ್ಪ ಅಂತ ಕೈಮುಗಿದು ಹೊರಗೆ ನಡೆದಳು. ಪ್ರೇಮಕುಮಾರಿ ಒಂಬತ್ತರ ಮಗ್ಗಿಯಲ್ಲಿದ್ದಳು.

ನರ್ಸು ಗೆದ್ದಳು. ಚಪ್ಪಾಳೆಯಾಯಿತು. ಒಬ್ಬೊಬ್ಬರಾಗಿ ಉಳಿದ ಮೂವರೂ ಮುಗಿಸಿ ನೀರು ಕುಡಿದರು. ಮೈದಾನದಲ್ಲಿ ಉಳಿದವಳು ಒಬ್ಬಳೇ. ಐದು ಸುತ್ತಾಯಿತು, ಆರಾಯಿತು. ಅಲ್ಲಿಗೆ ಅವಳು ಕಂಡ ದಾರಿ ಮುಗಿಯಿತು. ಕಾಲು ಕಲ್ಲಾಯಿತು, ಬಾಯಿ ಒಣಗಿ ಮಗ್ಗಿ ತಪ್ಪತೊಡಗಿತು. ಹದಿನೇಳು ಮೂರಲಿ ಎಷ್ಟು? ಹೊಳೆಯಲಿಲ್ಲ. ಹೊಳೆಯದಿದ್ದರೆ ಹದಿನೇಳು ಮೂರಲಿ ಅಂತಲೇ ಅಂದುಕೊಂಡು ಅರ್ಧ ಸುತ್ತು ಓಡಿದಳು. ನಡಿಗೆ ಅನ್ನುವುದು ಆಗ ಎಷ್ಟು ಸವಿಯಾಗಿ ಕಂಡಿತೋ ಅವಳಿಗೇ ಗೊತ್ತು. ನಡೆಯಲಿಲ್ಲ.

ಮುಂದಿನದು ಗಂಡಸರ ನೂರು ಮೀಟರು. ಅವರೆಲ್ಲ ಆಗಲೇ ತಮ್ಮ ಓಟ ಶುರುವಾಗುವ ಗೆರೆಯ ಹಿಂದೆ ಬಂದು ನಿಂತು, ಇದು ಯಾವಾಗ ಮುಗಿಯುವುದೋ ಅಂತ ಗೊಣಗುತ್ತಿದ್ದರು. ಅವರಲ್ಲಿ ಸಿದ್ದೇಶ್ವರನೂ ಇದ್ದ, ಹೊಟ್ಟೆಯ ಮೇಲೆ ಏರದ ಟ್ರ್ಯಾಕ್‌ಪ್ಯಾಂಟಿನಲ್ಲಿ. ಓಓಡಿಗೆ ಪ್ರತಿ ವರ್ಷ ಅವನದು ಅದೇ ಓಟ. ಆಯೋಜಕರು ಕೀರ್ತಿರಾಜನಿಗೆ ಬೇಗ ಮುಗಿಸಿ ಅಂತ ಕೈಸನ್ನೆ ಮಾಡಿದರು. ಪ್ರೇಮಕುಮಾರಿ ಮುಗಿಯುವ ಗೆರೆಯ ಹತ್ತಿರ ಬಂದಾಗ ಕೀರ್ತಿರಾಜ್ ಎರಡು ಹೆಜ್ಜೆ ಮುಂದೆ ಬಂದು ಅವಳ ಜೊತೆಗೇ ಹೆಜ್ಜೆ ಹಾಕಿದ. ಅವನ ದನಿಯಲ್ಲಿ ಕನಿಕರವೇ ಇತ್ತು.

“ಸಾಕು ಬನ್ನಿ ಮೇಡಂ. ಪಾಪ, ಬಾಳ ಕಷ್ಟಪಟ್ರಿ. ಪೂರ್ತಿ ಓಡಿದ್ರು ಅಂತ್ಲೇ ಬರ್ಕೋತೀನಿ.”

ನಿಂತುಬಿಡಬಹುದಿತ್ತು. ಕಾಗದದ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲರಿಗೂ ಊಟಕ್ಕೆ ಹೊತ್ತಾಗುತ್ತಿತ್ತು, ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಪಾಪ ಅನ್ನುತ್ತಿದ್ದರು, ಅಷ್ಟೆ. ಪ್ರೇಮಕುಮಾರಿಗೆ ಎಲ್ಲಿತ್ತೋ ಉಸಿರು, ಬಂತು.

“ಬರ್ಕೋಬ್ಯಾಡಿ ಸಾ,” ಅಂದಳು. “ಇನ್ನೊಂದು ಸುತ್ತು ಐತೆ.”

ಹಾಗೆಂದವಳೇ ಗೆರೆ ದಾಟಿ ಹೋಗಿಯೇ ಬಿಟ್ಟಳು. ಕೀರ್ತಿರಾಜ್ ಪ್ಯಾಡು ಹಿಡಿದು ನಿಂತ. ಎಲ್ಲಿಂದಲೋ ಒಬ್ಬ ಹೆಂಗಸು, ಸಮೂಹ ಗಾಯನದ ಹಿಂದಿನ ಸಾಲಿನವಳೇ ಇರಬೇಕು, ಓಡು ಕಣಕ್ಕ ಅಂತ ಕೂಗಿದಳು. ಇನ್ನೊಬ್ಬಳು ಕೂಗಿದಳು. ಆಮೇಲೆ ಗ್ಯಾಲರಿಯೇ ಎದ್ದಿತು. ಗೆದ್ದ ನರ್ಸು ನೀರಿನ ಬಾಟಲಿ ಕೆಳಗಿಟ್ಟು ಟ್ರ್ಯಾಕಿನ ಅಂಚಿಗೆ ಬಂದು ಕೈತಟ್ಟಿದಳು. ಪ್ರೇಮಕುಮಾರಿಗೆ ಇದ್ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಆಚೆ ತಿರುವಿನಲ್ಲಿ ಹದಿನೇಳು ಮೂರಲಿ ಐವತ್ತೊಂದು ಅಂತ ಹೊಳೆಯಿತು. ಅದು ಹೊಳೆದದ್ದೇ ಒಂದು ಸಂತೋಷ! ಹದಿನೇಳು ನಾಲ್ಕಲಿ ಅರವತ್ತೆಂಟು. ಹದಿನೇಳು ಐದಲಿ ಎಂಬತ್ತೈದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದುಃಖಕ್ಕಲ್ಲ. ಹನ್ನೊಂದು ವರ್ಷದಲ್ಲಿ ಅವಳಿಗೆ ಇಷ್ಟು ಖುಷಿಯಾದದ್ದು ಯಾವತ್ತೂ ಇಲ್ಲ.

ಕೊನೆಯ ನೇರ ದಾರಿಗೆ ಬಂದಾಗ ನೂರು ಮೀಟರಿನ ಗಂಡಸರು ಟ್ರ್ಯಾಕಿನ ತುಂಬ ಹರಡಿಕೊಂಡಿದ್ದರು. ಅವಳ ಸಾಲಿನಲ್ಲಿ ನಿಂತಿದ್ದವನು ಸಿದ್ದೇಶ್ವರ. ನಡುವೆ ಬಂದು ನಿಂತವನಿಗೆ ಅತ್ತ ಹೋಗಲೋ ಇತ್ತ ಹೋಗಲೋ ತಿಳಿಯಲಿಲ್ಲ.

“ದಾರಿ ಬುಡಿ ಸಾ,” ಅಂದಳು ಪ್ರೇಮಕುಮಾರಿ, ನಿಲ್ಲದೆ.

ಸಿದ್ದೇಶ್ವರ ಹಾರಿ ಪಕ್ಕಕ್ಕೆ ಸರಿದ. ಸರಿದವನು, ಉಳಿದವರನ್ನೂ ತೋಳು ಹಿಡಿದು ಎಳೆದು ಸರಿಸಿದ, ಜಾಗ ಬಿಡ್ರಪ್ಪ, ನಮ್ಮ ಆಫೀಸಿನವರು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳು ಅವನ ಮುಂದೆ ಹಾದು ಹೋದಳು, ಎಮ್ಮೆ ಮನೆಗೆ ಹೋಗುವ ಅದೇ ಹದದಲ್ಲಿ, ಒಂದು ಹೆಜ್ಜೆಯೂ ನಡೆಯದೆ, ಗೆರೆ ದಾಟಿದಳು.

ಬೀಳಲಿಲ್ಲ. ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಳು. ನರ್ಸು ನೀರು ಹಿಡಿದು ಬಂದಳು. ಅದನ್ನು ಆಮೇಲೆ ಕುಡಿಯುತ್ತೇನೆ ಅಂತ ಕೈಸನ್ನೆ ಮಾಡಿ, ಉಸಿರು ಹದಕ್ಕೆ ಬರುವವರೆಗೆ ಕಾದು, ತಲೆ ಎತ್ತಿ ಕೀರ್ತಿರಾಜನನ್ನು ಕೇಳಿದಳು.

“ಎಷ್ಟು ಸುತ್ತು ಎಣಿಸಿದ್ರಿ ಸಾ?”

“ಏಳೂವರೆ ಮೇಡಂ.” ಅವನು ಪ್ಯಾಡು ತಿರುಗಿಸಿ ಗೀಟುಗಳನ್ನು ತೋರಿಸಿದ. “ಒಂದೂ ಬುಟ್ಟಿಲ್ಲ. ಇಪ್ಪತ್ತೊಂಬತ್ತು ನಿಮಿಷ, ನಲವತ್ತು ಸೆಕೆಂಡು.”

ಪ್ರೇಮಕುಮಾರಿ ಗೀಟುಗಳನ್ನು ಒಂದೊಂದಾಗಿ, ಬೆರಳಿಟ್ಟು, ತಾನೇ ಇನ್ನೊಂದು ಸಲ ಎಣಿಸಿದಳು. ಸರಿಯಾಗಿತ್ತು.

“ಈಗ ಬರ್ಕೊಳಿ,” ಅಂದಳು.